ತರಗತಿಯ ಜಗಳ ಠಾಣೆಗೆ ಹೋದಾಗ

(ಶಿವಮೊಗ್ಗದಲ್ಲಿ ಬಿ.ಎಡ್. ವಿದ್ಯಾರ್ಥಿಗಳು ಮತ್ತು ಸುತ್ತಲಿನ ತಾಲ್ಲೂಕುಗಳ ಪ್ರೌಢಶಾಲಾ ಶಿಕ್ಷಕರ ಎದುರು ಆಡಿದ ಮಾತುಗಳ ಬರಹ ರೂಪ. ಕೊನೆಗೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

2015ರ ಅಕ್ಟೋಬರ್. ಅಮೆರಿಕದ ಸೌತ್ ಕೆರೊಲಿನಾ ರಾಜ್ಯದ ಕೊಲಂಬಿಯಾದಲ್ಲಿ ಒಂದು ಹೈಸ್ಕೂಲು. ಗಣಿತದ ಪೀರಿಯಡ್ ನಡೆಯುತ್ತಿತ್ತು. ಒಬ್ಬ ಹುಡುಗಿ ಕ್ಲಾಸಿನಲ್ಲಿ ಮೊಬೈಲ್ ತೆಗೆದಳು. ಮೇಷ್ಟ್ರು ಹೊರಗೆ ಹೋಗು ಅಂದರು. ಅವಳು ಕೂತಲ್ಲಿಂದ ಏಳಲಿಲ್ಲ. ನಿಮ್ಮಲ್ಲಿ ಒಂದೇ ಒಂದು ವರ್ಷ ಪಾಠ ಮಾಡಿದವರೂ ಇಂಥದ್ದನ್ನು ನೋಡಿರುತ್ತೀರಿ. ಮಕ್ಕಳು ಹಟ ಮಾಡುತ್ತಾರೆ. ಹಟ ಇಳಿಯುವವರೆಗೆ ಕಾಯುವುದು, ಪಕ್ಕಕ್ಕೆ ಕರೆದು ಮಾತಾಡಿಸುವುದು, ಸಂಜೆ ಮನೆಯವರಿಗೆ ಒಂದು ಫೋನ್ ಮಾಡುವುದು, ಇದೆಲ್ಲ ನಮ್ಮ ಕೆಲಸದ ಭಾಗ.

ಆ ಶಾಲೆಯಲ್ಲಿ ಇನ್ನೊಂದು ದಾರಿ ಕೈಯಳತೆಯಲ್ಲೇ ಇತ್ತು. ಶಾಲೆಗೇ ಅಂತ ಒಬ್ಬ ಪೊಲೀಸ್ ಇದ್ದ. ಅವನನ್ನು ಕರೆದರು. ಅವನು ಬಂದು ಹುಡುಗಿಯನ್ನು ಕುರ್ಚಿ ಸಮೇತ ಹಿಂದಕ್ಕೆ ಕೆಡವಿದ, ನೆಲದ ಮೇಲೆ ಎಳೆದು ಎಸೆದ. ಇನ್ನೊಬ್ಬ ಹುಡುಗಿ ಎದ್ದು ನಿಂತು ಕೂಗಿ ವಿರೋಧಿಸಿದಳು. ಅವಳನ್ನೂ ಬಂಧಿಸಿದರು. ಇಬ್ಬರೂ ಕಪ್ಪು ಜನಾಂಗದ ಮಕ್ಕಳು. ಸಹಪಾಠಿಗಳ ಮೊಬೈಲಿನಲ್ಲಿ ಇದೆಲ್ಲ ದಾಖಲಾಗಿ ಜಗತ್ತಿಗೆ ಗೊತ್ತಾಯಿತು. ಆ ಪೊಲೀಸ್ ಕೆಲಸ ಕಳೆದುಕೊಂಡ, ಅವನ ಮೇಲೆ ಕೇಸು ಹಾಕಲಿಲ್ಲ. ಕೇಸು ಬಿದ್ದದ್ದು ಮಕ್ಕಳ ಮೇಲೆ. 'ಶಾಲೆಗೆ ಅಡ್ಡಿಪಡಿಸಿದ್ದು' ಅಂತ ಅಪರಾಧದ ಹೆಸರು. ಆಮೇಲೆ ಅದನ್ನು ಕೈಬಿಟ್ಟರು.

ಆ ಕಾನೂನು ಸುಮಾರು ನೂರು ವರ್ಷ ಹಳೆಯದು. ಹೆಣ್ಣುಮಕ್ಕಳ ಕಾಲೇಜಿನ ಸುತ್ತ ಸುಳಿದಾಡುವ ಗಂಡಸರನ್ನು ದೂರ ಇಡೋಕೆ ಅಂತ ಮಾಡಿದ್ದು. ಹೊರಗಿನವರಿಂದ ಮಕ್ಕಳನ್ನು ಕಾಪಾಡಲು ಬಂದ ಕಾನೂನನ್ನು ನಿಧಾನಕ್ಕೆ ಮಕ್ಕಳ ಮೇಲೆಯೇ ತಿರುಗಿಸಿದರು. 2018ರಲ್ಲಿ ವಿದ್ಯಾರ್ಥಿಗಳನ್ನು ಅದರಿಂದ ಹೊರಗಿಟ್ಟು ತಿದ್ದುಪಡಿ ಮಾಡಿದರು. ಎದ್ದು ನಿಂತು ಕೂಗಿದ ಆ ಎರಡನೇ ಹುಡುಗಿ ಇನ್ನೂ ಕೆಲವರ ಜೊತೆ ಸೇರಿ ಕೋರ್ಟಿಗೆ ಹೋಗಿದ್ದಳು. 2023ರಲ್ಲಿ ಫೆಡರಲ್ ಮೇಲ್ಮನವಿ ಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟಿತು. ಯಾವ ನಡತೆ ಅಪರಾಧ, ಯಾವುದು ಅಲ್ಲ ಅನ್ನುವುದೇ ಆ ಕಾನೂನಿನಲ್ಲಿ ಸ್ಪಷ್ಟವಿಲ್ಲ, ಹಾಗಾಗಿ ಶಾಲಾ ಮಕ್ಕಳ ಮೇಲೆ ಅದನ್ನು ಬಳಸಿದ್ದು ಸಂವಿಧಾನಕ್ಕೆ ವಿರುದ್ಧ ಎಂದಿತು.

ಇಷ್ಟು ದೂರದ ಕಥೆ ಇಲ್ಲಿ ಯಾಕೆ ಅಂತ ಕೆಲವರು ಕೇಳಬಹುದು. ನಾಳೆ ನೀವೆಲ್ಲ ಹೊಸನಗರ, ತೀರ್ಥಹಳ್ಳಿ, ಸೊರಬ, ಭದ್ರಾವತಿಯ ಶಾಲೆಗಳಿಗೆ ಹೋಗುತ್ತೀರಿ. ನಮ್ಮ ಶಾಲೆಗಳಲ್ಲಿ ಪೊಲೀಸ್ ಪೋಸ್ಟಿಂಗ್ ಇಲ್ಲ. ಆದರೆ ಮಕ್ಕಳ ತಂಟೆಯಲ್ಲಿ ಯಾವುದು ತಂಟೆಯಾಗಿ ಉಳಿಯುತ್ತದೆ, ಯಾವುದು ಕೇಸಾಗುತ್ತದೆ ಅನ್ನುವ ತೀರ್ಮಾನ ಇಲ್ಲೂ ದಿನಾ ಆಗುತ್ತಿರುತ್ತದೆ. ಅದು ಮಗು ಏನು ಮಾಡಿತು ಅನ್ನುವುದಕ್ಕಿಂತ ಮಗು ಯಾರದ್ದು ಅನ್ನುವುದರ ಮೇಲೆ ನಿಂತರೆ, ಆ ಊರಿನ ಪ್ರಜಾಪ್ರಭುತ್ವಕ್ಕೆ ಕಾಯಿಲೆ ಹಿಡಿದಿದೆ ಅಂತಲೇ ನನ್ನ ಅಭಿಪ್ರಾಯ. ಮತದಾನ ಎಷ್ಟೇ ಶೇಕಡಾ ಆಗಿರಲಿ.

ಅಮೆರಿಕದಲ್ಲಿ ಇದು ಹೇಗೆ ಬೆಳೆಯಿತು ಅಂತ ಸ್ವಲ್ಪ ನೋಡೋಣ. 1954ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಕಪ್ಪು ಮಕ್ಕಳಿಗೆ ಬೇರೆ ಶಾಲೆ, ಬಿಳಿ ಮಕ್ಕಳಿಗೆ ಬೇರೆ ಶಾಲೆ ಅನ್ನುವುದು ಸಂವಿಧಾನಬಾಹಿರ ಎಂದಿತು. 1957ರಲ್ಲಿ ಲಿಟಲ್ ರಾಕ್ ಊರಿನಲ್ಲಿ ಒಂಬತ್ತು ಕಪ್ಪು ಮಕ್ಕಳು ಶಾಲೆಯ ಬಾಗಿಲು ದಾಟಲು ಸೈನ್ಯವೇ ಕಾವಲಿಗೆ ಬರಬೇಕಾಯಿತು. ಆಗ ಬಂದೂಕು ಹಿಡಿದವರು ಮಕ್ಕಳನ್ನು ಒಳಗೆ ಬಿಡಿಸಲು ಬಂದಿದ್ದರು. ನಲವತ್ತು ವರ್ಷ ಕಳೆಯುವುದರೊಳಗೆ ಅದು ತಿರುವುಮುರುವಾಯಿತು. 1994ರಲ್ಲಿ ಒಂದು ಕಾನೂನು ಬಂತು. ಶಾಲೆಗೆ ಬಂದೂಕು ತಂದ ಮಗುವನ್ನು ಕಡೇಪಕ್ಷ ಒಂದು ವರ್ಷ ಹೊರಗೆ ಹಾಕಬೇಕು ಅಂತ. ಬಂದೂಕಿನ ವಿಷಯಕ್ಕೆ ಅದು ಸರಿ ಅಂತಲೇ ಇಟ್ಟುಕೊಳ್ಳಿ. 1999ರ ಏಪ್ರಿಲ್‌ನಲ್ಲಿ ಕೊಲರಾಡೊದ ಕೊಲಂಬೈನ್ ಶಾಲೆಯಲ್ಲಿ ಇಬ್ಬರು ವಿದ್ಯಾರ್ಥಿಗಳು ಗುಂಡು ಹಾರಿಸಿ ಹನ್ನೆರಡು ಮಕ್ಕಳನ್ನೂ ಒಬ್ಬ ಮೇಷ್ಟ್ರನ್ನೂ ಕೊಂದರು. ದೇಶಕ್ಕೆ ದೇಶವೇ ಹೆದರಿತು. ಹೆದರಿಕೆ ನಿಜವಾದದ್ದೇ. ಆದರೆ ಆ ಹೆದರಿಕೆಯಲ್ಲಿ ತಂದ ಪೊಲೀಸರು, ಲೋಹ ಪತ್ತೆ ಯಂತ್ರಗಳು, ಒಂದು ತಪ್ಪಿಗೂ ಮಾಫಿ ಇಲ್ಲ ಅನ್ನುವ ನಿಯಮಗಳು ಯಾರ ಮೇಲೆ ಬಿದ್ದವು?

ಅಲ್ಲಿನ ಶಿಕ್ಷಣ ಇಲಾಖೆಯೇ ಕೊಟ್ಟ ಲೆಕ್ಕ ಇದೆ. 2013-14ರಲ್ಲಿ ಶಾಲಾಪೂರ್ವ ತರಗತಿಗಳಲ್ಲಿ ಕಪ್ಪು ಮಕ್ಕಳು ಶೇ. 19. ಆ ತರಗತಿಗಳಿಂದ ಸಸ್ಪೆಂಡ್ ಆದ ಮಕ್ಕಳಲ್ಲಿ ಅವರ ಪಾಲು ಶೇ. 47. ನಮ್ಮ ಅಂಗನವಾಡಿ ವಯಸ್ಸಿನ ಮಕ್ಕಳು ಇವರು. ಮೂರು, ನಾಲ್ಕು ವರ್ಷದವರು. ಆ ವಯಸ್ಸಿನ ಮಗುವನ್ನು ಸಸ್ಪೆಂಡ್ ಮಾಡುವುದು ಅಂದರೆ ಏನು ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ. 2015-16ರ ಲೆಕ್ಕದಲ್ಲಿ ಒಟ್ಟು ವಿದ್ಯಾರ್ಥಿಗಳಲ್ಲಿ ಕಪ್ಪು ಮಕ್ಕಳು ಶೇ. 15, ಶಾಲೆಯಿಂದ ಪೊಲೀಸರ ಕೈಗೆ ಹೋದವರಲ್ಲಿ ಶೇ. 31. 2019ರಲ್ಲಿ ಫ್ಲಾರಿಡಾದ ಒರ್ಲ್ಯಾಂಡೊದಲ್ಲಿ ಆರು ವರ್ಷದ ಹುಡುಗಿಯೊಬ್ಬಳು ಶಾಲೆಯಲ್ಲಿ ರಂಪ ಮಾಡಿದಳು ಅಂತ ಅವಳ ಪುಟ್ಟ ಕೈಗಳಿಗೆ ಪ್ಲಾಸ್ಟಿಕ್ ಪಟ್ಟಿ ಬಿಗಿದು ಪೊಲೀಸ್ ಗಾಡಿ ಹತ್ತಿಸಿದರು.

'ಆ ಮಕ್ಕಳೇ ಜಾಸ್ತಿ ತಪ್ಪು ಮಾಡ್ತಾರೇನೋ' ಅನ್ನುವ ಮಾತು ಬಂದೇ ಬರುತ್ತದೆ. ಅದಕ್ಕೆ ಟೆಕ್ಸಾಸ್‌ನಿಂದ ಉತ್ತರ ಇದೆ. ಅಲ್ಲಿ ಏಳನೇ ಕ್ಲಾಸಿನ ಸುಮಾರು ಹತ್ತು ಲಕ್ಷ ಮಕ್ಕಳ ದಾಖಲೆಗಳನ್ನು ಕಡೇಪಕ್ಷ ಆರು ವರ್ಷ ಗಮನಿಸಿ 2011ರಲ್ಲಿ ವರದಿ ಕೊಟ್ಟರು. ಶಿಕ್ಷೆಗಳಲ್ಲಿ ಶೇ. 3 ಮಾತ್ರ ಕಾನೂನು ಕಡ್ಡಾಯ ಮಾಡಿದ ತಪ್ಪುಗಳಿಗೆ ಕೊಟ್ಟದ್ದು. ಉಳಿದದ್ದೆಲ್ಲ ಶಾಲೆಯವರ ವಿವೇಚನೆಗೆ ಬಿಟ್ಟದ್ದು. ಎದುರು ಮಾತಾಡಿದ, ಹೇಳಿದ ಮಾತು ಕೇಳಲಿಲ್ಲ, ಉಡಾಫೆಯಾಗಿ ನೋಡಿದ. ಕಡ್ಡಾಯದ ತಪ್ಪುಗಳಲ್ಲಿ ಕಪ್ಪು-ಬಿಳಿ ಮಕ್ಕಳ ನಡುವೆ ಹೇಳಿಕೊಳ್ಳುವಂಥ ಅಂತರ ಇರಲಿಲ್ಲ. ಅಂತರ ದೊಡ್ಡದಾಗಿ ಕಂಡದ್ದು ವಿವೇಚನೆಯ ಜಾಗದಲ್ಲಿ. ಅಂದರೆ ದೊಡ್ಡವರ ಕಣ್ಣಿನಲ್ಲಿ.

ನಮ್ಮ ಕಣ್ಣಿನ ವಿಷಯಕ್ಕೆ ಬರೋಣ. ಬ್ರಿಟಿಷರು 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು. ಒಂದು ಕುಲದಲ್ಲಿ ಹುಟ್ಟಿದರೆ ಸಾಕು, ಹುಟ್ಟಿದ ಮಗುವೂ ಕಳ್ಳ ಅಂತ ಸರ್ಕಾರವೇ ಬರೆದಿಟ್ಟಿತು. ಕೊರಮರು, ಕೊರಚರು, ಪಾರ್ದಿಗಳು, ಕೆಲವು ಕಡೆ ಲಂಬಾಣಿಗಳು ಆ ಪಟ್ಟಿಗೆ ಸೇರಿದರು. ಹುಬ್ಬಳ್ಳಿಯಲ್ಲಿ ಇವತ್ತಿಗೂ ಸೆಟ್ಲ್‌ಮೆಂಟ್ ಅಂತ ಕರೆಯುವ ಬಡಾವಣೆ ಇದೆ. ಅಲ್ಲಿ ಬೇಲಿಯೊಳಗೆ ಇಟ್ಟು ದಿನಾ ಹಾಜರಿ ಕೂಗುತ್ತಿದ್ದರು. ಸ್ವಾತಂತ್ರ್ಯ ಬಂದ ಮೇಲೂ ಅವರಿಗೆ ಐದು ವರ್ಷ ಕಾಯಬೇಕಾಯಿತು. 1952ರ ಆಗಸ್ಟ್ 31ರಂದು ಆ ಕಾಯ್ದೆ ಹೋಯಿತು. ಕಾಯ್ದೆ ಹೋಯಿತು, ಕಣ್ಣು ಹೋಗಲಿಲ್ಲ.

ತರಗತಿಯಲ್ಲಿ ಒಂದು ಜಾಮಿಟ್ರಿ ಬಾಕ್ಸ್ ಕಾಣೆಯಾಯಿತು ಅಂತ ಇಟ್ಟುಕೊಳ್ಳಿ. ಇಲ್ಲವೇ ಪ್ರವಾಸಕ್ಕೆ ಅಂತ ಸೇರಿಸಿದ್ದ ದುಡ್ಡು. ಮೊದಲು ಯಾರ ಬ್ಯಾಗು ತೆಗೆಸುತ್ತಾರೆ? ನಾನು ಮೇಷ್ಟ್ರಾಗಿ ಕೆಲಸ ಮಾಡಿದ ಬೇರೆ ಬೇರೆ ತಾಲ್ಲೂಕುಗಳಲ್ಲಿ ಇದನ್ನು ನೋಡಿದ್ದೇನೆ. ಹಕ್ಕಿಪಿಕ್ಕಿ ಕ್ಯಾಂಪಿನಿಂದ ಬರುವ ಹುಡುಗನ ಬ್ಯಾಗು. ತಾಂಡಾದ ಹುಡುಗಿಯ ಬ್ಯಾಗು. ಗುಜರಿ ವ್ಯಾಪಾರದ ಸಾಬರ ಮಗನ ಬ್ಯಾಗು. ಅಪ್ಪನಿಗೆ ಎಂಟೆಕರೆ ಅಡಿಕೆ ತೋಟ ಇರುವ ಹುಡುಗನ ಬ್ಯಾಗಿನ ಸರದಿ ಕೊನೆಗೆ. ಬಹಳ ಸಲ ಅಲ್ಲಿಯವರೆಗೆ ಹೋಗುವುದೇ ಇಲ್ಲ. ಮೊದಲು ಬ್ಯಾಗು ತೆಗೆಸಿಕೊಂಡ ಮಗು ಆ ಹೊತ್ತಿನಲ್ಲಿ ಮೇಜಿನ ಮೇಲೆ ತನ್ನ ಸಾಮಾನನ್ನು ಒಂದೊಂದಾಗಿ ಇಡುವುದನ್ನು ನೀವು ನೋಡಬೇಕು. ಹರಿದ ನೋಟ್‌ಬುಕ್ಕು, ತುದಿ ಕಚ್ಚಿದ ಪೆನ್ನು, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ತಟ್ಟೆ. ಇಡೀ ಕ್ಲಾಸು ನೋಡುತ್ತಿರುತ್ತದೆ. ಕಳೆದ ವಸ್ತು ಸಿಕ್ಕರೂ ಸಿಗದಿದ್ದರೂ ಆ ಮಗುವಿಗೆ ಒಂದು ಪಾಠ ಆಯಿತು. ಕ್ಲಾಸಿನ ಉಳಿದ ನಲವತ್ತು ಮಕ್ಕಳಿಗೂ ಆಯಿತು.

ಒಂದು ಘಟನೆ ಹೇಳುತ್ತೇನೆ. ಮಲೆನಾಡಿನದೇ ಒಂದು ಶಾಲೆ, ಊರಿನ ಹೆಸರು ಬೇಡ. ಒಂಬತ್ತನೇ ಕ್ಲಾಸಿನ ಇಬ್ಬರು ಹುಡುಗರು. ಮಳೆಗಾಲ. ಬಸ್ಸಿನಲ್ಲಿ ಸೀಟಿಗೆ ಜಗಳ ಆಯಿತು. ಅದು ಶಾಲೆಯ ಅಂಗಳಕ್ಕೂ ಬಂತು. ತಳ್ಳಾಡಿದರು. ಒಬ್ಬನ ಮೂಗಿನಲ್ಲಿ ರಕ್ತ ಬಂತು, ಇನ್ನೊಬ್ಬನ ಶರ್ಟು ಹರಿಯಿತು. ಮೂಗಿನಲ್ಲಿ ರಕ್ತ ಬಂದ ಹುಡುಗ ಹಿಂದೂ. ಶರ್ಟು ಹರಿದ ಹುಡುಗ ಮುಸ್ಲಿಂ. ನಾನು ಚಿಕ್ಕವನಿದ್ದಾಗ ಇಂಥದ್ದಕ್ಕೆ ಇಬ್ಬರಿಗೂ ಬೈಗುಳ ಬೀಳುತ್ತಿತ್ತು, ಸಂಜೆಗೆ ಇಬ್ಬರೂ ಒಟ್ಟಿಗೆ ಮನೆಗೆ ಹೋಗುತ್ತಿದ್ದರು. ಈ ಸಲ ಮಧ್ಯಾಹ್ನದ ಹೊತ್ತಿಗೆ ರಕ್ತದ ಫೋಟೋ ವಾಟ್ಸಾಪ್ ಗ್ರೂಪಿಗೆ ಹೋಯಿತು. ಮೂರು ಗಂಟೆಗೆ ಗೇಟಿನ ಹತ್ತಿರ ಶಾಲೆಗೆ ಸಂಬಂಧವೇ ಇಲ್ಲದ ಜನ ಸೇರಿದರು. ಶಾಲೆಯವರು ಹೆದರಿದರು. ಒಬ್ಬ ಹುಡುಗನ ಮನೆಗೆ ಫೋನ್ ಹೋಯಿತು. ಇನ್ನೊಬ್ಬನ ವಿಷಯ ಸ್ಟೇಷನ್ನಿಗೆ ಹೋಯಿತು.

ಸ್ಟೇಷನ್ನಿನಲ್ಲಿ ಎಫ್‌ಐಆರ್ ಏನೂ ಆಗಲಿಲ್ಲ. ಮುಚ್ಚಳಿಕೆ ಬರೆಸಿಕೊಂಡು ಕಳಿಸಿದರು. ನೀವೆಲ್ಲ ಮುಚ್ಚಳಿಕೆ ನೋಡಿರುತ್ತೀರಿ. ಗೆರೆ ಹಾಕಿದ ಹಾಳೆ, ಎಡಗಡೆ ಮಾರ್ಜಿನ್ ಮಡಚಿರುತ್ತಾರೆ. 'ನನ್ನ ಮಗ ಮಾಡಿರುವ ತಪ್ಪನ್ನು ಒಪ್ಪಿಕೊಂಡಿದ್ದು, ಇನ್ನು ಮುಂದೆ ಈ ರೀತಿ ನಡೆದುಕೊಂಡಲ್ಲಿ ತಾವು ಕೈಗೊಳ್ಳುವ ಯಾವುದೇ ಕ್ರಮಕ್ಕೆ ಬದ್ಧನಾಗಿರುತ್ತೇನೆ.' ಇದು ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ ಒಕ್ಕಣೆ. ಅಪ್ಪನಿಗೆ ಓದು ಬರುತ್ತಿರಲಿಲ್ಲ. ಅಡಿಕೆ ಮಂಡಿಯಲ್ಲಿ ಹಮಾಲಿ ಕೆಲಸ. ಹೆಬ್ಬೆಟ್ಟು ಒತ್ತಿದರು. ಹಾಳೆಯನ್ನು ಬರೆದದ್ದು ಯಾರು ಗೊತ್ತಾ? ಆ ಹುಡುಗನೇ. ಹೇಳಿ ಬರೆಸಿದರು. ಅಕ್ಷರ ಮುತ್ತಿನ ಹಾಗಿದೆ ಅಂತ ನಾವೇ ಅವನನ್ನು ಬೋರ್ಡಿನ ಮೇಲೆ ಸುಭಾಷಿತ ಬರೆಯಲು ಕರೆಯುತ್ತಿದ್ದೆವು. ಅದರ ಒಂದು ಪ್ರತಿ ಠಾಣೆಯಲ್ಲಿ ಉಳಿಯಿತು, ಒಂದು ಶಾಲೆಯ ಫೈಲಿನಲ್ಲಿ. ಮುಂದಿನ ತಿಂಗಳಿಂದ ಹುಡುಗ ಬರುವುದು ಕಡಿಮೆಯಾಯಿತು. ಆಮೇಲೆ ಟಿ.ಸಿ. ತೆಗೆದುಕೊಂಡರು. ಬೇರೆ ಶಾಲೆಗೂ ಅವನು ಸೇರಲಿಲ್ಲ. ಎಸ್‌ಎಸ್‌ಎಲ್‌ಸಿ ಪರೀಕ್ಷೆ ಬರೆಯಲಿಲ್ಲ.

ಈ ಹುಡುಗ ಯಾವ ಲೆಕ್ಕದಲ್ಲೂ ಸಿಗುವುದಿಲ್ಲ. ಅವನನ್ನು ಬಂಧಿಸಿಲ್ಲ, ಸಸ್ಪೆಂಡ್ ಮಾಡಿಲ್ಲ, ಶಾಲೆಯಿಂದ ತೆಗೆದುಹಾಕಿಲ್ಲ. ದಾಖಲೆಯಲ್ಲಿ 'ಪೋಷಕರ ಕೋರಿಕೆಯ ಮೇರೆಗೆ' ಅಂತ ಇರುತ್ತದೆ. ಅಮೆರಿಕದಲ್ಲಿ ಕಡೇಪಕ್ಷ ಸರ್ಕಾರ ಎಣಿಸುತ್ತದೆ. ನಮ್ಮಲ್ಲಿ ಎಣಿಸಲು ಏನೂ ಉಳಿದಿರುವುದಿಲ್ಲ. 2006ರ ಸಾಚಾರ್ ಸಮಿತಿ ವರದಿ 6ರಿಂದ 14 ವರ್ಷದ ಮುಸ್ಲಿಂ ಮಕ್ಕಳಲ್ಲಿ ಶೇ. 25ರಷ್ಟು ಒಂದೋ ಶಾಲೆಗೆ ಹೋಗಿಯೇ ಇಲ್ಲ, ಇಲ್ಲ ಬಿಟ್ಟಿದ್ದಾರೆ ಎಂದಿತ್ತು. ಬಡತನ ಅದಕ್ಕೆ ದೊಡ್ಡ ಕಾರಣ, ಒಪ್ಪೋಣ. ಆದರೆ ಶಾಲೆಯ ಬಾಗಿಲಲ್ಲಿ ಆದ ಅವಮಾನವನ್ನು ಯಾವ ಮಗುವೂ ಸರ್ವೆ ಮಾಡುವವರಿಗೆ ಹೇಳುವುದಿಲ್ಲ. 'ಓದೋಕೆ ಇಷ್ಟ ಇರಲಿಲ್ಲ' ಅಂದುಬಿಡುತ್ತದೆ.

ಪೊಲೀಸರು ನೇರವಾಗಿ ಶಾಲೆಯೊಳಗೆ ಬಂದದ್ದೂ ಇದೆ. 2020ರ ಜನವರಿಯಲ್ಲಿ ಬೀದರ್‌ನ ಒಂದು ಶಾಲೆಯಲ್ಲಿ ಮಕ್ಕಳು ಪೌರತ್ವ ತಿದ್ದುಪಡಿ ಕಾಯ್ದೆಯ ಬಗ್ಗೆ ನಾಟಕ ಆಡಿದರು. ದೇಶದ್ರೋಹದ ಕೇಸಾಯಿತು. ಮುಖ್ಯ ಶಿಕ್ಷಕಿಯನ್ನೂ ಒಬ್ಬ ಮಗುವಿನ ತಾಯಿಯನ್ನೂ ಬಂಧಿಸಿದರು. ಸುಮಾರು ಎರಡು ವಾರ ಅವರು ಜೈಲಿನಲ್ಲಿದ್ದರು. ಪ್ರಾಥಮಿಕ ಶಾಲೆಯ ಮಕ್ಕಳನ್ನು ಪೊಲೀಸರು ಮತ್ತೆ ಮತ್ತೆ ಬಂದು ವಿಚಾರಿಸಿದರು. ಯೂನಿಫಾರ್ಮಿನಲ್ಲಿ, ಆಯುಧ ಇಟ್ಟುಕೊಂಡು ಮಕ್ಕಳನ್ನು ವಿಚಾರಿಸಿದ್ದು ಬಾಲನ್ಯಾಯ ಕಾಯ್ದೆಯ ಉಲ್ಲಂಘನೆಯಂತೆ ಕಾಣುತ್ತದೆ ಎಂದು 2021ರಲ್ಲಿ ನಮ್ಮ ಹೈಕೋರ್ಟೇ ಹೇಳಿತು. 2023ರ ಜೂನ್‌ನಲ್ಲಿ ಕೇಸನ್ನೇ ರದ್ದು ಮಾಡಿತು. ಕೋರ್ಟು ನ್ಯಾಯ ಕೊಟ್ಟಿತು. ಆದರೆ ಆ ಮಕ್ಕಳು ಅಷ್ಟರಲ್ಲಿ ಮೂರು ತರಗತಿ ಮುಂದೆ ಹೋಗಿದ್ದರು. ನಾಟಕ ಆಡಿದರೆ ಅಮ್ಮ ಜೈಲಿಗೆ ಹೋಗುತ್ತಾಳೆ ಅನ್ನುವುದು ಅವರಿಗೆ ಮೊದಲು ಸಿಕ್ಕ ನಾಗರಿಕ ಪಾಠ.

2022ರ ಫೆಬ್ರವರಿ ನಿಮ್ಮಲ್ಲಿ ಹಲವರಿಗೆ ನೆನಪಿರುತ್ತದೆ. ಹಿಜಾಬ್ ವಿವಾದ ಶಿವಮೊಗ್ಗಕ್ಕೆ ಬಂದಾಗ ನೀವು ಪಿಯುಸಿಯಲ್ಲೋ ಡಿಗ್ರಿಯಲ್ಲೋ ಇದ್ದಿರಿ. ನಗರದಲ್ಲಿ ನಿಷೇಧಾಜ್ಞೆ ಬಂತು. ರಾಜ್ಯದಾದ್ಯಂತ ಹೈಸ್ಕೂಲು, ಕಾಲೇಜುಗಳಿಗೆ ರಜೆ ಕೊಟ್ಟರು. ಮಾರ್ಚ್ 15ಕ್ಕೆ ಹೈಕೋರ್ಟು ಸಮವಸ್ತ್ರದ ಬಗ್ಗೆ ಸರ್ಕಾರ ಹೊರಡಿಸಿದ್ದ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ಬೇರೆ ತೀರ್ಪು ಕೊಟ್ಟರು. ಸಮವಸ್ತ್ರದ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ನಾನು ಇವತ್ತು ಆ ಚರ್ಚೆಗೆ ಹೋಗುವುದಿಲ್ಲ. ನನಗೆ ಮುಖ್ಯವಾಗಿ ಕಾಣುವುದು ಬೇರೆ. ಮೇಷ್ಟ್ರುಗಳು ಮತ್ತು ಪೋಷಕರು ಕೂತು ಮಾತಾಡಬೇಕಿದ್ದ ಒಂದು ವಿಷಯ ಕಾಲೇಜಿನ ಗೇಟಿನಲ್ಲಿ ಲಾಠಿ ಹಿಡಿದವರ ಮುಂದೆ ತೀರ್ಮಾನವಾಯಿತು. ಗೇಟಿನ ಒಳಗೆ ನಿಂತ ಮಕ್ಕಳು, ಹೊರಗೆ ನಿಂತ ಮಕ್ಕಳು, ಕೇಸರಿ ಶಾಲು ಹಾಕಿದ ಮಕ್ಕಳು, ಎಲ್ಲರೂ ಅವತ್ತು ನಮ್ಮ ವಿದ್ಯಾರ್ಥಿಗಳೇ. ಅವರ ಮಧ್ಯೆ ಹೋಗಿ ನಿಲ್ಲಬೇಕಾದವರು ನಾವು.

ಮತ್ತೆ 2023ರ ಆಗಸ್ಟ್. ಉತ್ತರ ಪ್ರದೇಶದ ಮುಜಫ್ಫರ್‌ನಗರದಲ್ಲಿ ಶಿಕ್ಷಕಿಯೊಬ್ಬರು ಏಳು ವರ್ಷದ ಮುಸ್ಲಿಂ ಹುಡುಗನನ್ನು ನಿಲ್ಲಿಸಿ, ಅವನ ಕ್ಲಾಸಿನ ಮಕ್ಕಳಿಂದಲೇ ಸರದಿಯಂತೆ ಹೊಡೆಸಿದರು. ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅದರಲ್ಲಿ ನನಗೆ ತುಂಬ ಕಾಡುವುದು ಹೊಡೆದ ಮಕ್ಕಳು. ಪೆಟ್ಟು ತಿಂದ ಮಗುವಿಗೆ ಆದ ಗಾಯ ಎಲ್ಲರಿಗೂ ಕಾಣುತ್ತದೆ. ಆದರೆ ಹೊಡಿ ಅಂತ ಮೇಷ್ಟ್ರೇ ಹೇಳಿದಾಗ ಎದ್ದು ಬಂದು ಹೊಡೆದ ಏಳೆಂಟು ವರ್ಷದ ಮಗುವಿಗೆ ಏನಾಯಿತು? ಅದು ಒಂದು ದಿನ ಮತ ಹಾಕುತ್ತದೆ. ಪೊಲೀಸ್ ಆಗಬಹುದು. ಮೇಷ್ಟ್ರೂ ಆಗಬಹುದು.

ಪ್ರಜಾಪ್ರಭುತ್ವಕ್ಕೂ ಇದಕ್ಕೂ ಏನು ಸಂಬಂಧ ಅನ್ನುವುದನ್ನು ಇನ್ನೂ ನೇರವಾಗಿ ಹೇಳುತ್ತೇನೆ. ಅಮೆರಿಕದಲ್ಲಿ ದೊಡ್ಡ ಅಪರಾಧದಲ್ಲಿ ಶಿಕ್ಷೆಯಾದವರು ಅನೇಕ ರಾಜ್ಯಗಳಲ್ಲಿ ಮತದ ಹಕ್ಕು ಕಳೆದುಕೊಳ್ಳುತ್ತಾರೆ. 2022ರ ಅಂದಾಜಿನಂತೆ ಹೀಗೆ ಮತ ಇಲ್ಲದವರು 40 ಲಕ್ಷಕ್ಕೂ ಜಾಸ್ತಿ. ಕಪ್ಪು ಜನರ ಪಾಲು ಅದರಲ್ಲಿ ಜನಸಂಖ್ಯೆಗೆ ಮೀರಿದ್ದು. ಶಾಲೆಯಲ್ಲಿ ಶುರುವಾದ ದಾರಿ ಮತಗಟ್ಟೆಯ ಬಾಗಿಲು ಮುಚ್ಚುವವರೆಗೆ ಹೋಗುತ್ತದೆ. 2018ರಲ್ಲಿ ಇಬ್ಬರು ಅಮೆರಿಕನ್ ಸಂಶೋಧಕರು ಇನ್ನೊಂದು ಮಾತು ಹೇಳಿದರು. ಶಾಲೆಯಲ್ಲಿ ಕಠಿಣ ಶಿಕ್ಷೆ ಉಂಡವರು ಯೌವನದಲ್ಲಿ ಮತ ಹಾಕುವುದೂ ಕಡಿಮೆ, ಸರ್ಕಾರವನ್ನು ನಂಬುವುದೂ ಕಡಿಮೆ. ಇವರು ಜೈಲಿಗೇ ಹೋಗಬೇಕಿಲ್ಲ. ಮಗುವಿಗೆ ಮೊದಲು ಕಾಣುವ ಸರ್ಕಾರ ಅಂದರೆ ಹೆಡ್ ಮಾಸ್ಟರ್ ರೂಮು. ಅಲ್ಲಿ ತನ್ನ ಮಾತು ಯಾರೂ ಕೇಳಲಿಲ್ಲ ಅಂದರೆ ತಾಲ್ಲೂಕು ಆಫೀಸಿನಲ್ಲಿ ಕೇಳುತ್ತಾರೆ ಅಂತ ಅದು ಯಾಕೆ ನಂಬಬೇಕು?

ನಮ್ಮಲ್ಲೂ ಮತದ ಬಾಗಿಲು ಮುಚ್ಚುತ್ತದೆ, ಅದು ಬಹಳ ಜನಕ್ಕೆ ಗೊತ್ತಿಲ್ಲ. 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 62(5)ನೇ ಕಲಂ ಪ್ರಕಾರ, ಮುನ್ನೆಚ್ಚರಿಕೆಯ ಬಂಧನದಲ್ಲಿ ಇರುವವರನ್ನು ಬಿಟ್ಟರೆ, ಜೈಲಿನಲ್ಲಿರುವ ಯಾರೂ ಮತ ಹಾಕುವಂತಿಲ್ಲ. ಶಿಕ್ಷೆಯಾದವರು ಮಾತ್ರ ಅಲ್ಲ, ವಿಚಾರಣೆಗೆ ಕಾಯುತ್ತಿರುವವರೂ. ಜೈಲಿನಿಂದ ಚುನಾವಣೆಗೆ ನಿಲ್ಲಬಹುದು, ಮತ ಹಾಕುವಂತಿಲ್ಲ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಮಂದಿ ವಿಚಾರಣಾಧೀನರು. ಅಂದರೆ ನಾಲ್ವರಲ್ಲಿ ಮೂವರ ಅಪರಾಧ ಇನ್ನೂ ಸಾಬೀತಾಗಿಲ್ಲ. ಅವರಲ್ಲಿ ದಲಿತರು, ಆದಿವಾಸಿಗಳು, ಮುಸ್ಲಿಮರು ತಮ್ಮ ಜನಸಂಖ್ಯೆಯ ಪಾಲಿಗಿಂತ ಜಾಸ್ತಿ ಇದ್ದಾರೆ. ಇಲ್ಲೇ ಸೋಗಾನೆಯ ಜೈಲಿನಲ್ಲೂ ಮತದಾನದ ದಿನ ಇದೇ ನಿಯಮ.

ಅಡಿಕೆ ಬೆಳೆಗಾರರಿಗೆ ಗೊತ್ತು, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವುದು ಮಳೆ ಜೋರಾಗುವ ಮುಂಚೆ. ಕಾಯಿ ಉದುರಲು ಶುರುವಾದ ಮೇಲೆ ಮರ ಹತ್ತಿ ಏನೂ ಪ್ರಯೋಜನ ಇಲ್ಲ. ಜೈಲಿನ ಲೆಕ್ಕ ಹಿಡಿದುಕೊಂಡು ಚಿಂತೆ ಮಾಡುವವರು ಬೇಕು. ಆದರೆ ನಾವು, ಒಂಬತ್ತನೇ ಕ್ಲಾಸಿನಲ್ಲಿ ನಿಂತವರು, ಅದಕ್ಕೂ ಮೊದಲೇ ಅಲ್ಲಿರುತ್ತೇವೆ.

ನಮ್ಮ ಜಿಲ್ಲೆಗೆ ಇದರಲ್ಲಿ ಒಂದು ದೊಡ್ಡ ನೆನಪಿದೆ. ಶಿಕಾರಿಪುರದ ಈಸೂರು. 1942ರಲ್ಲಿ ಆ ಊರು ತಾನೇ ಸ್ವತಂತ್ರ ಎಂದು ಸಾರಿತು. 'ಏಸೂರು ಕೊಟ್ಟರೂ ಈಸೂರು ಕೊಡೆವು' ಅನ್ನುವ ಮಾತು ನಿಮಗೆಲ್ಲ ಗೊತ್ತು. ಆಗ ಊರವರು ತಮ್ಮ ಸರ್ಕಾರಕ್ಕೆ ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಅಂತ ಆರಿಸಿದ್ದು ಹುಡುಗರನ್ನು. ಮಕ್ಕಳನ್ನು ಜೈಲಿಗೆ ಹಾಕಲಾರರು ಅನ್ನುವ ಲೆಕ್ಕ ಅವರದ್ದು ಅಂತ ಹೇಳುತ್ತಾರೆ. ಮುಂದೆ 1943ರ ಮಾರ್ಚ್‌ನಲ್ಲಿ ಆ ಊರಿನ ಐವರನ್ನು ಗಲ್ಲಿಗೇರಿಸಿದರು. ಅಂಥ ಕಷ್ಟದ ಹೊತ್ತಿನಲ್ಲೂ ಊರು ತನ್ನ ಮಕ್ಕಳನ್ನು ನಂಬಿ ಅಧಿಕಾರ ಕೊಟ್ಟಿತ್ತು. ಇವತ್ತು ನಮ್ಮ ಶಾಲೆಗಳಲ್ಲಿ ಪ್ರತಿ ವರ್ಷ ಶಾಲಾ ಸಂಸತ್ತಿನ ಚುನಾವಣೆ ಮಾಡುತ್ತೇವೆ. ಮೊಬೈಲಿನಲ್ಲಿ ಇವಿಎಂ ಆಪ್ ಹಾಕಿ ಬೆರಳಿಗೆ ಇಂಕು ಹಚ್ಚುತ್ತೇವೆ. ಸಂವಿಧಾನದ ಪೀಠಿಕೆ ಓದಿಸುತ್ತೇವೆ. ಇದೆಲ್ಲ ಒಳ್ಳೆಯದೇ, ನಾನೇ ಎಷ್ಟೋ ಸಲ ಮಾಡಿಸಿದ್ದೇನೆ. ಆದರೆ ಬೆಳಗ್ಗೆ ಪೀಠಿಕೆ ಓದಿದ ಹುಡುಗನ ಬ್ಯಾಗನ್ನು ಮಧ್ಯಾಹ್ನ ಅವನ ಹೆಸರು ನೋಡಿ ತೆಗೆಸಿದರೆ, ಅವನು ನಂಬುವುದು ಮಧ್ಯಾಹ್ನದ್ದನ್ನು.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು.

ಭದ್ರಾವತಿ ಕಡೆಯ ಒಬ್ಬ ವಿದ್ಯಾರ್ಥಿನಿ ಕೇಳಿದರು: 'ಸರ್, ಹುಡುಗ ನಿಜವಾಗಲೂ ಚಾಕು ತಂದರೆ? ಆಗಲೂ ಪೊಲೀಸರಿಗೆ ಹೇಳಬಾರದಾ?'

ಹೇಳಬೇಕು. ಬೇರೆ ಮಕ್ಕಳ ಜೀವಕ್ಕೆ ಅಪಾಯ ಇದ್ದರೆ ಹೇಳಲೇಬೇಕು. ಅಮೆರಿಕದ ಡೆನ್ವರ್‌ನಲ್ಲಿ 2020ರಲ್ಲಿ ಶಾಲೆಗಳಿಂದ ಪೊಲೀಸರನ್ನು ತೆಗೆದರು. 2023ರಲ್ಲಿ ಒಂದು ಶಾಲೆಯಲ್ಲಿ ವಿದ್ಯಾರ್ಥಿಯೊಬ್ಬ ಇಬ್ಬರು ಸಿಬ್ಬಂದಿಗೆ ಗುಂಡು ಹೊಡೆದ ಮೇಲೆ ವಾಪಸ್ ತಂದರು. ಮಕ್ಕಳನ್ನು ಕಳಿಸುವ ಅಪ್ಪ-ಅಮ್ಮಂದಿರ ಭಯವನ್ನು ನಾವು ತಳ್ಳಿಹಾಕುವ ಹಾಗಿಲ್ಲ. ಆದರೆ ಚಾಕು ಮತ್ತು ಎದುರು ಮಾತು ಒಂದೇ ಅಲ್ಲ. ಲಾಸ್ ಏಂಜಲಿಸ್‌ನ ಶಾಲೆಗಳು 2013ರಲ್ಲೇ 'ಮಾತು ಕೇಳಲಿಲ್ಲ' ಅನ್ನುವ ಕಾರಣಕ್ಕೆ ಸಸ್ಪೆಂಡ್ ಮಾಡುವುದನ್ನು ನಿಲ್ಲಿಸಿದವು. ಆಮೇಲೆ ಇಡೀ ಕ್ಯಾಲಿಫೋರ್ನಿಯಾ ಆ ದಾರಿ ಹಿಡಿಯಿತು. ಇನ್ನೊಂದು ವಿಷಯ. ಚಾಕು ಸಿಕ್ಕಿದಾಗಲೂ ಯಾಕೆ ತಂದ ಅಂತ ಕೇಳಿ. ನಮ್ಮ ಮಲೆನಾಡಿನಲ್ಲಿ ಶಾಲೆ ಮುಗಿಸಿ ತೋಟದ ಕೆಲಸಕ್ಕೆ ಹೋಗುವ ಮಕ್ಕಳ ಬ್ಯಾಗಿನಲ್ಲಿ ಅಡಿಕೆ ಸುಲಿಯುವ ಕತ್ತಿಯೂ ಇರಬಹುದು. ಹಾಗೆ ಇದ್ದರೆ ಎಲ್ಲರ ಮಗನಿಗೂ ಅದೇ ಅರ್ಥ ಕೊಡಿ.

ಸೊರಬದ ಒಬ್ಬ ಮೇಷ್ಟ್ರು ಕೇಳಿದ್ದು ಕಾನೂನಿನ ಬಗ್ಗೆ. 'ನಮ್ಮ ಮೇಲೂ ಒತ್ತಡ ಇರುತ್ತದೆ. ಗೇಟಿಗೆ ಜನ ಬರುತ್ತಾರೆ. ಆಗ ನಾವು ಏನು ಹೇಳಬೇಕು?'

ಮೊದಲು ಇದನ್ನು ಬಾಯಿಪಾಠ ಮಾಡಿಕೊಳ್ಳಿ. ಏಳು ವರ್ಷದೊಳಗಿನ ಮಗು ಏನೇ ಮಾಡಿದರೂ ಅದು ಅಪರಾಧವೇ ಅಲ್ಲ. ಭಾರತೀಯ ನ್ಯಾಯ ಸಂಹಿತೆಯ 20ನೇ ಕಲಂ. ಹದಿನೆಂಟರ ಒಳಗಿನವರ ಮೇಲೆ ಸುಮ್ನೆ ಎಫ್‌ಐಆರ್ ಹಾಕುವಂತಿಲ್ಲ. ಕನಿಷ್ಠ ಏಳು ವರ್ಷ ಶಿಕ್ಷೆ ಇರುವ ಘೋರ ಅಪರಾಧ ಆಗಿರಬೇಕು, ಇಲ್ಲವೇ ದೊಡ್ಡವರ ಜೊತೆ ಸೇರಿ ಮಾಡಿದ್ದಾಗಿರಬೇಕು. ಉಳಿದದ್ದಕ್ಕೆಲ್ಲ ಠಾಣೆಯ ಡೈರಿಯಲ್ಲಿ ಬರೆದುಕೊಂಡು, ಮಗುವಿನ ಮನೆ, ಹಿನ್ನೆಲೆಯ ವರದಿ ಸೇರಿಸಿ ಬಾಲನ್ಯಾಯ ಮಂಡಳಿಗೆ ಕಳಿಸಬೇಕು. 2016ರ ಮಾದರಿ ನಿಯಮಗಳಲ್ಲಿ ಇದು ಎಂಟನೆಯದು. ಲಾಕಪ್ಪಿಗೆ ಹಾಕುವಂತಿಲ್ಲ, ಕೋಳ ತೊಡಿಸುವಂತಿಲ್ಲ. ಮಾತಾಡಿಸುವ ಪೊಲೀಸ್ ಮಫ್ತಿಯಲ್ಲಿ ಬರಬೇಕು. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಮಗುವಿನ ಹೆಸರು, ಫೋಟೋ, ಶಾಲೆಯ ಹೆಸರು ಯಾವುದನ್ನೂ ಮಾಧ್ಯಮಗಳಲ್ಲಿ ಬಯಲು ಮಾಡುವಂತಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಎಂಟನೇ ಕ್ಲಾಸು ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ತೆಗೆದುಹಾಕುವಂತಿಲ್ಲ, ಹೊಡೆಯುವಂತಿಲ್ಲ, ಮಾನಸಿಕವಾಗಿ ಹಿಂಸಿಸುವಂತಿಲ್ಲ. ತೊಂದರೆ ಇರುವುದು ಒಂಬತ್ತು, ಹತ್ತನೇ ಕ್ಲಾಸಿನಲ್ಲಿ. ಆ ಕಾಯ್ದೆಯ ರಕ್ಷಣೆ ಎಂಟಕ್ಕೇ ಮುಗಿಯುತ್ತದೆ. ಅಲ್ಲೇ 'ಟಿ.ಸಿ. ಕೊಟ್ಟು ಕಳಿಸ್ತೀನಿ' ಅನ್ನುವ ಮಾತು ಜಾಸ್ತಿ ಕೇಳುವುದು. ಗೇಟಿಗೆ ಬಂದವರಿಗೆ ಹೇಳಬೇಕಾದದ್ದು ಇಷ್ಟೇ: ಇವರು ನಮ್ಮ ಮಕ್ಕಳು, ಇಬ್ಬರನ್ನೂ ನಾವು ವಿಚಾರಿಸುತ್ತೇವೆ, ನೀವು ಹೊರಡಿ. ಒಬ್ಬರೇ ಹೋಗಿ ಹೇಳಬೇಡಿ. ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರನ್ನೂ ಹಿರಿಯ ಶಿಕ್ಷಕರನ್ನೂ ಕರೆದುಕೊಂಡು ಹೋಗಿ. ಕೈಮೀರಿದರೆ ಪೊಲೀಸರನ್ನು ಕರೆಯಿರಿ, ಆದರೆ ಗುಂಪನ್ನು ಚದುರಿಸಲು. ಮಗುವನ್ನು ಒಪ್ಪಿಸಲು ಅಲ್ಲ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಿಂದ ಬಂತು. 'ಮುಚ್ಚಳಿಕೆ ಬರೆಸಿಕೊಳ್ಳಲೇಬಾರದಾ ಸರ್? ಮೇಲಿನವರು ಕೇಳ್ತಾರಲ್ಲ.'

ಕೇಳಿದರೆ ಬರೆಸಿ. ಬರೆಸುವ ಮೊದಲು ಮಗು ಏನು ಹೇಳುತ್ತದೆ ಅಂತ ಕೇಳಿ, ಅದನ್ನೂ ಅದೇ ಹಾಳೆಯಲ್ಲಿ ಬರೆಯಿರಿ. 1975ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಹತ್ತು ದಿನದ ಸಸ್ಪೆನ್ಷನ್ನಿಗೂ ಇಷ್ಟು ಬೇಕು ಎಂದಿತು. ಆರೋಪ ಏನು ಅಂತ ಮಗುವಿಗೆ ಹೇಳಬೇಕು, ಅದರ ಮಾತು ಕೇಳಬೇಕು. ಜಗಳ ಇಬ್ಬರದ್ದಾದರೆ ಹಾಳೆಯೂ ಎರಡು ಇರಲಿ. ಅಪ್ಪ-ಅಮ್ಮನಿಗೆ ಓದಲು ಬಾರದಿದ್ದರೆ ಅವರ ಮನೆಮಾತಿನಲ್ಲಿ, ಉರ್ದುವೋ ಲಂಬಾಣಿಯೋ ಹಕ್ಕಿಪಿಕ್ಕಿಗಳ ವಾಗ್ರಿಯೋ, ಗೊತ್ತಿರುವ ಯಾರಿಂದಲಾದರೂ ಓದಿಸಿ ಹೇಳಿಸಿ. ಆಮೇಲೆ ಸಹಿ. ಠಾಣೆಗೆ ಪ್ರತಿ ಕಳಿಸಬೇಡಿ. ಟಿ.ಸಿ. ಮೇಲೆ ಅದರ ಸುಳಿವು ಬೀಳದಂತೆ ನೋಡಿಕೊಳ್ಳಿ. ಮಾರ್ಚ್ ಮುಗಿದಾಗ ಆ ವರ್ಷದ ಮುಚ್ಚಳಿಕೆಗಳನ್ನೆಲ್ಲ ಒಂದು ಸಲ ಮೇಜಿನ ಮೇಲೆ ಹರಡಿ, ಯಾವ ಮಕ್ಕಳ ಹೆಸರುಗಳು ಇವೆ ಅಂತ ಸ್ಟಾಫ್ ಮೀಟಿಂಗಿನಲ್ಲಿ ಎಲ್ಲರೂ ಕೂತು ಓದಿ.